ಅಪ್ಪನ ಹೆಗಲ ಮೇಲಿನ ದಾವಣಿ

"ಮೇಡಂ, ನೀವು ಯಾವ ಲೆವೆಲ್‌ವರೆಗೆ ಆಡಿದ್ರಿ?"

ಕಳೆದ ಭಾನುವಾರ ಪಾಂಡವಪುರದ ಸಭಾಂಗಣವೊಂದರಲ್ಲಿ ನಿರೂಪಕಿ ಹೀಗೆ ಕೇಳಿ ಮೈಕನ್ನು ನನ್ನ ಬಾಯಿಗೆ ಹಿಡಿದಾಗ ನಾನು ಕಕ್ಕಾಬಿಕ್ಕಿ. ತೊಂಬತ್ತರ ದಶಕದಲ್ಲಿ ನಮ್ಮ ಕಾಲೇಜಿನ ಕ್ರೀಡಾ ನಿರ್ದೇಶಕರಾಗಿದ್ದ ಜಬ್ಬಾರ್ ಸರ್ ಹೋದ ತಿಂಗಳು ತೀರಿಕೊಂಡರು. ಅವರ ನೆನಪಿಗೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿದ್ದೆವು. ನನಗಿಂತ ಮೊದಲು ಮಾತಾಡಿದವರು ಸಾಮಾನ್ಯರಲ್ಲ. ಒಬ್ಬರು ಯೂನಿವರ್ಸಿಟಿ ಕಬಡ್ಡಿ ಟೀಮಿನ ಕ್ಯಾಪ್ಟನ್ ಆಗಿದ್ದವರು. ಇನ್ನೊಬ್ಬರು ಸ್ಪೋರ್ಟ್ಸ್ ಕೋಟಾದಲ್ಲಿ ಪೊಲೀಸ್ ಇಲಾಖೆ ಸೇರಿ ಈಗ ಇನ್‌ಸ್ಪೆಕ್ಟರ್.

ನಾನು? ಇಡೀ ಡಿಗ್ರಿ ಖೋಖೋ ಆಡಿಯೂ ಒಂದು ಸ್ಟೀಲ್ ಲೋಟವನ್ನೂ ಗೆದ್ದವಳಲ್ಲ. (ಆಗ ಪ್ರೈಜ್ ಅಂದರೆ ಸ್ಟೀಲ್ ಲೋಟವೇ.)

"ನಾನು ನಮ್ಮ ಮನೆ ಕೊಟ್ಟಿಗೆ ಲೆವೆಲ್‌ವರೆಗೆ ಆಡಿದ್ದೇನೆ" ಅಂದೆ. ಎಲ್ಲರೂ ನಕ್ಕರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನ್ನ ಅಪ್ಪ ಮಾತ್ರ ನಗಲಿಲ್ಲ. ಅವನಿಗೆ ಗೊತ್ತಿತ್ತು, ನಾನು ತಮಾಷೆ ಮಾಡುತ್ತಿರಲಿಲ್ಲ.

ಜಬ್ಬಾರ್ ಸರ್ ನನ್ನನ್ನು ಆರಿಸಿದ್ದು ಆಟ ನೋಡಿ ಅಲ್ಲ, ಬಸ್ಸಿನ ಹಿಂದೆ ಓಡುವುದನ್ನು ನೋಡಿ. ಕಡೆಯ ಪೀರಿಯಡ್ಡಿನ ಬೆಲ್ ಹೊಡೆದರೆ ಸಾಕು, ನಮ್ಮೂರಿನ ಬಸ್ಸಿಗೆ ನಾನು ಬಿದ್ದಂಬೀಳ ಓಡುತ್ತಿದ್ದೆ. ಒಂದು ದಿನ ಕಾರಿಡಾರಿನಲ್ಲಿ ತಡೆದು ನಿಲ್ಲಿಸಿದರು. "ಏನಮ್ಮಾ, ನಿನ್ನ ಓಟ ನೋಡಿ ಡ್ರೈವರ್ರೇ ಹೆದರ್ಕೊಂಡು ಬಸ್ ನಿಲ್ಲಿಸ್ಬಿಟ್ಟ! ನಾಳೆಯಿಂದ ಖೋಖೋಗೆ ಬಾ."

"ಆಗಲ್ಲ ಸಾ, ಸಾಯಂಕಾಲ ಹಸ ಕರೀಬೇಕು."

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಇವರು ಊಟದ ಬಿಡುವಿನಲ್ಲಿ ಪ್ರಾಕ್ಟೀಸ್ ಶುರು ಮಾಡಿಸಿದರು. ನನ್ನೊಬ್ಬಳಿಗಾಗಿ ಇಡೀ ಟೀಮು ಬಿಸಿಲಲ್ಲಿ ಬೆಂದಿತು. (ಅವರೆಲ್ಲ ನನ್ನನ್ನು ಎಷ್ಟು ಬೈದುಕೊಂಡರೋ!) ತೊಡಕು ಬಂದದ್ದು ಕೆ.ಆರ್. ಪೇಟೆಯ ಟೂರ್ನಮೆಂಟ್ ಬಂದಾಗ. ಶನಿವಾರ, ಭಾನುವಾರ ಆಟ. ಅಲ್ಲೇ ಉಳಿಯಬೇಕು. ಅಂದರೆ ಎರಡು ದಿನ ಹಸು ಕರೆಯುವವರು ಯಾರು?

ನಮ್ಮದು ಚುಕ್ಕಿ ಅನ್ನುವ ಸೀಮೆಹಸು. ಅವ್ವ ನಾಲೆ ಮೆಟ್ಟಿಲ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡ ಮೇಲೆ ಅದನ್ನು ಕರೆಯುತ್ತಿದ್ದವಳು ನಾನೊಬ್ಬಳೇ. ಅಪ್ಪ ಹತ್ತಿರ ಹೋದರೆ ಅದು ಒದೆಯುತ್ತಿತ್ತು. ಅಪ್ಪನೂ ಅದನ್ನೇ ನೆಪ ಮಾಡಿಕೊಂಡಿದ್ದ. ಹಾಲು ಕರೆಯುವುದು ಹೆಂಗಸರ ಕೆಲಸ, ಡೈರಿಗೆ ಹಾಕುವುದು ಗಂಡಸರ ಕೆಲಸ ಎಂಬುದು ನಮ್ಮ ಮನೆಯ ಕಾನೂನು. ಎರಡು ದಿನ ಕರೆಯದೆ ಬಿಟ್ಟರೆ ಕೆಚ್ಚಲು ಬಾವು ಬರುತ್ತದೆ, ಹಸು ಕೆಡುತ್ತದೆ. ನಾನು ಸರ್ ಮುಂದೆ ಅತ್ತೇಬಿಟ್ಟೆ. ಅಷ್ಟು ಆಸೆಯಿತ್ತು ಹೋಗಲು.

ಅವತ್ತೇ ಸಂಜೆ ಅವರ ಹಳೆಯ ಸ್ಕೂಟರು ನಮ್ಮ ಕೊಟ್ಟಿಗೆ ಮುಂದೆ ನಿಂತಿತು. ಟ್ರ್ಯಾಕ್ ಸೂಟು, ಕತ್ತಿನಲ್ಲಿ ಸೀಟಿ. ಮನೆಗೆ ಬಂದ ಮೇಷ್ಟ್ರು ಮಗಳನ್ನು ಹೊಗಳಿ ಅಪ್ಪನನ್ನು ಒಪ್ಪಿಸುತ್ತಾರೆ ಅಂದುಕೊಂಡೆ. ಅವರು ಆಟದ ಸುದ್ದಿಯನ್ನೇ ಎತ್ತಲಿಲ್ಲ, ಚುಕ್ಕಿ ಒದೆಯುವ ಸುದ್ದಿ ಎತ್ತಿದರು.

"ಗೌಡ್ರೆ, ನಮ್ಮ ಅಬ್ಬಾ ಗಂಜಾಂನಲ್ಲಿ ಜಟಕಾ ಓಡಿಸೋರು. ಕುದುರೆ ಮುಂದೆ ನಿಂತು ನಾನು ಯಜಮಾನ ಅಂದ್ರೆ ಅದು ಕೇಳ್ತದಾ? ಇವತ್ತು ನೀವು ಕರೀಬೇಡಿ. ಮಗಳು ಕರೀಲಿ, ನೀವು ಪಕ್ಕದಲ್ಲಿ ನಿಂತು ಹಿಂಡಿ ತಿನ್ಸಿ."

ಮರುದಿನವೂ ಬಂದರು. ಅದರ ಮರುದಿನವೂ. ಕಾಲೇಜಿನಲ್ಲಿ ನಮಗೆ ವಾರ್ಮ್‌ಅಪ್ ಮಾಡಿಸುತ್ತಿದ್ದ ಹಾಗೆಯೇ ಅಪ್ಪನಿಗೆ. ಉಗುರು ಕತ್ತರಿಸಿ, ಗದರಬೇಡಿ, ಬೆನ್ನು ಸವರಿ. ಕೊನೆಗೊಂದು ದಿನ ಹಗ್ಗದ ಮೇಲೆ ಒಣಗುತ್ತಿದ್ದ ನನ್ನ ಹಳೆಯ ನೀಲಿ ದಾವಣಿ ತೋರಿಸಿದರು. ದಿನಾ ಹಾಲು ಕರೆಯುವಾಗ ಹೊದೆಯುತ್ತಿದ್ದದ್ದು ಅದನ್ನೇ.

"ಇದನ್ನ ಹೆಗಲ ಮೇಲೆ ಹಾಕ್ಕೊಳ್ಳಿ. ವಾಸನೆ ಗುರ್ತು ಸಿಕ್ರೆ ಸುಮ್ನೆ ನಿಲ್ತದೆ."

ಅಪ್ಪನ ಮುಖ ಕೆಂಪಾಯಿತು. "ಏನ್ ಮೇಷ್ಟ್ರೆ, ಎಣ್ಣೈಕ್ಳ ದಾವಣಿ ಹಾಕ್ಕಂಡು ಆಲು ಕರೀಲಾ? ನಾಳೆ ಬೀದೀಲಿ ತಲೆ ಎತ್ಕಂಡು ತಿರುಗಾಡದು ಬ್ಯಾಡ್ವಾ?"

ಸರ್ ವಾದ ಮಾಡಲಿಲ್ಲ. ದಾವಣಿ ಎಳೆದು ತಮ್ಮ ಹೆಗಲಿಗೆ ಹಾಕಿಕೊಂಡರು. ಸೀಟಿಯನ್ನು ಬೆನ್ನ ಹಿಂದೆ ತಿರುಗಿಸಿ, ತಂಬಿಗೆ ಹಿಡಿದು ಚುಕ್ಕಿಯ ಪಕ್ಕ ಕುಕ್ಕರುಗಾಲಲ್ಲಿ ಕೂತೇಬಿಟ್ಟರು! ಬಾಗಿಲಲ್ಲಿದ್ದ ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಚುಕ್ಕಿ ಒಮ್ಮೆ ಮೂಸಿತು. ಒದೆಯಲಿಲ್ಲ. ಆದರೆ ಸರ್ ಕೈಗೆ ಹಾಲು ಇಷ್ಟಿಷ್ಟೇ, ತೊಟ್ಟಿಕ್ಕಿದ ಹಾಗೆ ಬರುತ್ತಿತ್ತು. ಅಪ್ಪ ಸ್ವಲ್ಪ ಹೊತ್ತು ನೋಡಿದ. ಇನ್ನು ತಡೆಯಲಾಗಲಿಲ್ಲ.

"ಏಳಿ ಮೇಷ್ಟ್ರೆ, ಇಂಗ್ ಕರುದ್ರೆ ಡೈರಿ ಬಾಗ್ಲು ಆಕ್ಬುಡ್ತಾರೆ" ಅಂದವನೇ ದಾವಣಿ ಕಿತ್ತುಕೊಂಡು ತಾನೇ ಕೂತ.

ಕೆ.ಆರ್. ಪೇಟೆಗೆ ಹೋದೆ. ಮೊದಲ ಮ್ಯಾಚಿನಲ್ಲೇ ಸೋತೆವು. ನಾನಂತೂ ಕಣ್ಣು ಮಿಟುಕಿಸುವಷ್ಟರಲ್ಲಿ ಔಟ್. ಮನಸ್ಸೆಲ್ಲ ಕೊಟ್ಟಿಗೆಯಲ್ಲಿತ್ತು. ಕೇಳೋಣವೆಂದರೆ ಮನೆಯಲ್ಲಿ ಫೋನಿಲ್ಲ. "ಸೋತೋರು ಫೈನಲ್ ನೋಡ್ಕೊಂಡೇ ಹೋಗ್ಬೇಕು, ಆಟ ಕಲಿಯೋದು ಹಾಗೇ" ಅಂತ ಸರ್ ಮರುದಿನವೂ ಕೂರಿಸಿದರು. ನನಗೆ ಮುಳ್ಳಿನ ಮೇಲೆ ಕೂತ ಹಾಗೆ.

ಭಾನುವಾರ ಸಂಜೆ ಬಸ್ಸಿಳಿದು ಡೈರಿ ಮುಂದೆ ಬಂದರೆ ಜನವೋ ಜನ, ನಗುವೋ ನಗು. ಸಾಲಿನ ನಡುವೆ ಕ್ಯಾನ್ ಹಿಡಿದು ನಮ್ಮಪ್ಪ. ಹೆಗಲ ಮೇಲೆ ನೀಲಿ ದಾವಣಿ! ತೆಗೆಯುವುದನ್ನೇ ಮರೆತು ಬಂದುಬಿಟ್ಟಿದ್ದ.

"ಏನ್ ಗೌಡ್ರೆ, ಒಸ ಪ್ಯಾಸನ್ನಾ?" ಯಾರೋ ಕೂಗಿದರು.

ನನಗೆ ನೆಲ ಬಾಯ್ಬಿಡಬಾರದೇ ಅನಿಸಿತು. ನನ್ನಿಂದಲೇ ಅಲ್ಲವೇ ಈ ಅವಮಾನ? ಅಪ್ಪ ಹೆಗಲು ನೋಡಿಕೊಂಡ, ನನ್ನನ್ನೂ ನೋಡಿದ. ದಾವಣಿಗೆ ಕೈ ಹಾಕಿದ. ತೆಗೆಯಲಿಲ್ಲ, ಸರಿ ಮಾಡಿಕೊಂಡ.

"ಅಸ ಒಪ್ಕಂಡದೆ ಕಣ್ರಲಾ. ನಿಮ್ ಒಪ್ಗೆ ಯಾರ್ಗ್ ಬೇಕು?"

ಅವತ್ತಿನಿಂದ ಸಂಜೆಯ ಹಾಲು ಅಪ್ಪನದು, ಸಂಜೆಯ ಮೈದಾನ ನನ್ನದು. ಡಿಗ್ರಿ ಮುಗಿಯುವವರೆಗೂ ಆಡಿದೆ. ಗೆಲ್ಲಲಿಲ್ಲ, ನಿಜ. ಆದರೆ ಆ ಸಂಜೆಗಳ ಖುಷಿಯನ್ನು ಹೇಗೆ ಹೇಳಲಿ? ಹುಡುಗಿಯರು ಆಟ ಬಿಡುವುದು ಆಡಲು ಬಾರದೆ ಅಲ್ಲ, ಸಂಜೆ ಅನ್ನುವುದು ಅವರ ಕೈಯಲ್ಲಿರುವುದಿಲ್ಲ ಎಂದು ತಿಳಿದಿದ್ದ ಕೋಚ್ ಜಬ್ಬಾರ್ ಸರ್. ಈಗ ಗಲ್ಲಿಗೊಂದು ಸಮ್ಮರ್ ಕ್ಯಾಂಪ್ ಇದೆ. ಮಗು ಯಾಕೆ ಬರಲಿಲ್ಲ ಅಂತ ಅಡುಗೆಮನೆಯವರೆಗೆ ಬಂದು ನೋಡುವವರು ಎಷ್ಟು ಜನ ಇದ್ದಾರೆ?

ಇಷ್ಟನ್ನೇ ಮೈಕಿನಲ್ಲಿ ಹೇಳಿ ಕೆಳಗಿಳಿದೆ. ಊಟದ ಹೊತ್ತಿನಲ್ಲಿ ನಮ್ಮೂರ ಕಡೆಯ ಒಬ್ಬ ಹತ್ತಿರ ಬಂದ. ನಲವತ್ತರ ಆಸುಪಾಸಿನವನು.

"ಚೆನ್ನಾಗಿ ಮಾತಾಡುದ್ರಿ ಅಕ್ಕ. ನನ್ ಮಗ್ಳೂ ವಾಲಿಬಾಲ್ ಚೆನ್ನಾಗ್ ಆಡ್ತಾಳೆ. ಏನ್ಮಾಡದು, ಸಾಯಂಕಾಲ ಅವ್ಳು ಗ್ರೌಂಡಿಗೆ ಓದ್ರೆ ಮನೆ ಕೆಲ್ಸಕ್ಕೆ ಯಾರೂ ಇಲ್ಲ ನೋಡಿ."

ನಾನು ಏನೋ ಸಮಾಧಾನ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿ ಮುದ್ದೆ ಮುರಿಯುತ್ತಿದ್ದ ಅಪ್ಪ ತಲೆ ಎತ್ತಿದ.

"ಯಾಕ್ಲಾ, ನಿಂಗೆ ಕೈ ಇಲ್ವಾ?"