ಚಿಪ್ಪಿನ ಹಣೆಗೆ ಅವ್ವನ ಬೊಟ್ಟು

ನನ್ನದೇ ಆಪರೇಟಿಂಗ್ ಸಿಸ್ಟಂ ಕಟ್ಟುತ್ತೇನೆಂದು ಹುಣಸೂರಿನ ನಮ್ಮ ಮನೆಯಲ್ಲಿ ಘೋಷಿಸಿದಾಗ ಅವ್ವ, "ಮೊದ್ಲು ಬಚ್ಚಲ ನಲ್ಲಿ ಸರಿ ಮಾಡು" ಅಂದಳು. ನಲ್ಲಿ ಇವತ್ತಿಗೂ ಸೋರುತ್ತಿದೆ. ನನ್ನ ಹಟ ಮಾತ್ರ ಸೋರಲಿಲ್ಲ.

ಗುಜರಿಯಿಂದ ತಂದ ಹಳೇ ಕಂಪ್ಯೂಟರ್ ಬೋರ್ಡಿಗೆ ಕರೆಂಟು ಕೊಟ್ಟ ಕೂಡಲೇ ಮೊದಲು ಎದ್ದು ಓಡುವ ಪುಟ್ಟ ಪ್ರೋಗ್ರಾಂ, ಅಂದರೆ ಫರ್ಮ್‌ವೇರ್, ನಾನೇ ಬರೆದದ್ದಾಗಿರಬೇಕು. ಅದನ್ನು ಯಂತ್ರದ ಅಂಕಿಗಳಾಗಿಸುವ ಅಸೆಂಬ್ಲರೂ ನನ್ನದೇ. ಬೇರೆಯವರ ಒಂದು ಸಾಲೂ ಬೇಡ. ಮೂರು ತಿಂಗಳು ಬರೆದೆ, ಬೋರ್ಡಿನ ಮೆಮೊರಿ ಚಿಪ್ಪಿಗೆ ಹಾಕಿದೆ, ಬೋರ್ಡು ದೀಪ ಮಿಟುಕಿಸಿತು. ಆ ಖುಷಿಯಲ್ಲಿ ಅಸೆಂಬ್ಲರನ್ನು 'ಸುಧಾರಿಸಿದೆ'. ಅದು ಫರ್ಮ್‌ವೇರಿನ ಮೂಲ ಫೈಲಿನ ಮೇಲೆಯೇ ಸೊನ್ನೆ ಸುರಿದು ಬರೆದದ್ದನ್ನೆಲ್ಲ ಅಳಿಸಿಹಾಕಿತು. ಬ್ಯಾಕಪ್ಪು ಹೇಡಿಗಳಿಗೆ ಎಂದು ನಂಬಿದ್ದ ಕಾಲ ಅದು. ಉಳಿದ ಒಂದೇ ಪ್ರತಿ ಆ ಚಿಪ್ಪಿನೊಳಗಿತ್ತು.

ಕಂಪಲಾಪುರದಲ್ಲಿ ಮೋಟಾರ್ ವೈಂಡಿಂಗ್ ಮಾಡುವ ಗೆಳೆಯ, "ಚಿಪ್ಪೊಳ್ಗಿರೋದ್ನ ಓದೋ ಡಬ್ಬ ರೆಡಿಮೇಡ್ ಸಿಕ್ತದೆ, ತರ್ಸ್ಕೊ ಕಣ್ಲಾ" ಅಂದ.

"ಅದ್ನೂ ನಾನೇ ಮಾಡ್ತೀನಿ ಕಣ್ಲಾ."

ಮಾಡಲು ಒಂದು ತಿಂಗಳು ಹಿಡಿಯಿತು. ಕೆಟ್ಟದ್ದು ಅಲ್ಲೇ.

ಈ ಹಳೇ ಚಿಪ್ಪುಗಳಿಗೆ ಬೆನ್ನ ಮೇಲೆ ಗಾಜಿನ ಕಿಟಕಿ ಇರುತ್ತದೆ. ವಾರಗಟ್ಟಲೆ ಬಿಸಿಲು ಬಿದ್ದರೆ ಒಳಗಿನ ಬರಹವೆಲ್ಲ ಅಳಿಸಿಹೋಗುತ್ತದೆ. ಖಾಲಿ ಮಾಡಬೇಕಾದವನ್ನು ನಾನು ತಾರಸಿಯಲ್ಲಿ ಅವ್ವನ ಸಂಡಿಗೆ ಪಕ್ಕ ಒಣಗಲು ಹಾಕುತ್ತಿದ್ದೆ. ಬರೆದಿಟ್ಟವುಗಳ ಕಿಟಕಿಗೆ ಅವ್ವನ ಮೆರೂನ್ ಸ್ಟಿಕ್ಕರ್ ಬೊಟ್ಟು ಕದ್ದು ಅಂಟಿಸುತ್ತಿದ್ದೆ. ಬೊಟ್ಟಿದ್ದರೆ ತುಂಬಿದ್ದು, ಇಲ್ಲದಿದ್ದರೆ ಖಾಲಿ. ಇಂಥ ಪದ್ಧತಿ ಜಗತ್ತಿನಲ್ಲೇ ಇಲ್ಲವೆಂದು ಬೀಗಿದ್ದೆ. ಯಾಕಿಲ್ಲ ಎಂಬುದು ಆಮೇಲೆ ತಿಳಿಯಿತು.

ಡಬ್ಬ ಸಿದ್ಧವಾದ ದಿನ ಬೊಟ್ಟಿಟ್ಟ ಚಿಪ್ಪು ಹುಡುಕಿದರೆ ಒಂದೂ ಇಲ್ಲ.

"ಅವ್ವಾ, ಇದ್ರ್ ಮೇಲಿನ್ ಬೊಟ್ಟೆಲ್ಲಿ?"

"ಕೆ.ಆರ್. ನಗರದ್ ಮದ್ವೆಗ್ ಹೊಂಟಾಗ ಬೊಟ್ಟಿನ್ ಹಾಳೇಲಿ ಒಂದೂ ಇರ್ನಿಲ್ಲ. ನನ್ ಬೊಟ್ಟು ನಾನ್ ತಕ್ಕಂಡೆ. ಏನೀಗ?"

ಏನೂ ಇಲ್ಲ. ಬೊಟ್ಟಿಲ್ಲದ್ದನ್ನು ಕಂಡು, ಖಾಲಿ ಚಿಪ್ಪೆಂದುಕೊಂಡು, ಮದುವೆಯ ಮರುದಿನ ಸಾಕ್ಷಾತ್ ನಾನೇ ಆ ಫರ್ಮ್‌ವೇರ್ ಚಿಪ್ಪನ್ನು ಬಿಸಿಲಿಗಿಟ್ಟಿದ್ದೆ. ಡಬ್ಬಕ್ಕೆ ಹಾಕಿ ಓದಿದೆ. ಮೊದಲಿನಿಂದ ಕೊನೆಯವರೆಗೂ ಖಾಲಿ. ನಾನು ಕಟ್ಟಿದ ಟೂಲುಗಳಲ್ಲಿ ಮೊದಲ ಸಲಕ್ಕೇ ಸರಿಯಾಗಿ ಕೆಲಸ ಮಾಡಿದ್ದು ಅದೊಂದೇ.

ಗೆಳೆಯ ಬಂದು ಬೆನ್ನು ತಟ್ಟಿದ. "ಲೇ, ಈಗ್ಲಾದ್ರೂ ಯಾರ್ದಾದ್ರೂ ಬರ್ದಿರೋದ್ ಇಳಿಸ್ಕೊ. ಯಾರ್ಗ್ ಗೊತ್ತಾಯ್ತದೆ?"

"ನಂಗ್ ಗೊತ್ತಾಯ್ತದೆ."

ಮತ್ತೆ ಮೊದಲ ಸಾಲಿನಿಂದ ಕೂತೆ. ಈ ಸಲ ಅಸೆಂಬ್ಲರಿಗೆ ಮೊದಲು ಕಲಿಸಿದ್ದು, ಮೂಲ ಫೈಲು ಮುಟ್ಟಬೇಡ ಅಂತ. ಮೂರು ತಿಂಗಳದ್ದು ಇಪ್ಪತ್ತು ದಿನಕ್ಕೆ ಮುಗಿಯಿತು. ಮೊದಲು ಬರೆದದ್ದರಲ್ಲಿ ಅರ್ಧ ಬರೀ ಕಸವಾಗಿತ್ತು. ಕರೆಂಟು ಕೊಟ್ಟೆ. ಬೋರ್ಡಿಗೆ ಸಿಕ್ಕಿಸಿದ್ದ ಪರದೆಯ ಮೇಲೆ ದೊಡ್ಡದೊಂದು 'ಕ' ಎದ್ದು ನಿಂತಿತು, ತಲೆಕೆಳಗಾಗಿ.

"ಉಲ್ಟಾ ಐತಲ್ಲೋ!" ಗೆಳೆಯ ಬಿದ್ದು ಬಿದ್ದು ನಕ್ಕ.

"ಇರ್ಲಿ ಬುಡು," ಅಂದೆ. "ಉಲ್ಟಾ ಮಾಡಿರೋನೂ ನಾನೇ."