ಒಂದು ಚಿಪ್ಪು ರಸಬಾಳೆಯ ರೆಸ್ಯೂಮ್

ನನಗೆ ನರ್ಸ್ ಕೆಲಸ ಕೊಡಿಸಿದ ರೆಸ್ಯೂಮಿಗೆ ತಗುಲಿದ ಖರ್ಚು ಒಂದು ಚಿಪ್ಪು ರಸಬಾಳೆ. ಯಾಕೆ ಅಷ್ಟು ಎಂದರೆ, ಕೂರಿಸಿಕೊಂಡು ಬರೆಸಿದ ಹಿರಿಯ ನರ್ಸೊಬ್ಬರು ಅದಕ್ಕಿಂತ ಕಡಿಮೆಗೆ ಒಪ್ಪಲಿಲ್ಲ, ಹೆಚ್ಚಿಗೆ ಕೊಟ್ಟಿದ್ದರೆ ಮುಟ್ಟುತ್ತಿರಲಿಲ್ಲ. ಆ ಹಣ್ಣನ್ನು ಅವರು ಸುಲಿಯುತ್ತಿದ್ದ ರೀತಿ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ತೊಟ್ಟು ಮುರಿದು, ಸಿಪ್ಪೆಯ ಒಳಗು ಹೊರಗಾಗುವಂತೆ ಕೆಳಕ್ಕೆ ಮಡಚುತ್ತ ಹೋಗುವರು. ಹಣ್ಣಿಗೆ ಒಂದು ಬೆರಳೂ ತಾಗದು. ಡ್ರೆಸ್ಸಿಂಗ್ ಮುಗಿಸಿ ಕೈಗವಸು ಕಳಚುವುದು ಹೀಗೆಯೇ. ಉಗುರು ಬೆರಳ ತುದಿಗಿಂತ ಒಳಕ್ಕೇ ಇರುವಷ್ಟು ಮೊಂಡಾಗಿ ಕತ್ತರಿಸಿದ, ಒಂದು ಆಯುಷ್ಯದ ಸೋಪು ನೀರು ಕುಡಿದು ಬಿಳಿಚಿಕೊಂಡ ಕೈ ಅದು.

ನಂಜನಗೂಡಿನಲ್ಲಿ ನನ್ನ ಸೋದರತ್ತೆ ಇದ್ದ ಬೀದಿಯವರೆಲ್ಲ ಅವರನ್ನು ದೊಡ್ಡ ಸಿಸ್ಟರ್ ಅನ್ನುತ್ತಿದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ವಾರ್ಡುಗಳನ್ನು ನಡೆಸಿ ನಿವೃತ್ತರಾದವರು. ಹುಟ್ಟಿದ್ದು ಬದನವಾಳು, ತಾಯಿ ಖಾದಿಗೆ ನೂಲು ತೆಗೆಯುತ್ತಿದ್ದವರು. ನಿವೃತ್ತಿಯಾದ ಮೇಲೂ ಸೀರೆಯ ಹೆಗಲಿಗೆ ಪಿನ್ನು ಹಾಕಿ ಗಡಿಯಾರವನ್ನು ತಲೆಕೆಳಗಾಗಿ ತೂಗುಬಿಡುತ್ತಿದ್ದರು. ಹೋದವರು ಮೊದಲು ಕೈ ತೊಳೆಯಬೇಕು, ಆಮೇಲೆ ಕೂರಬೇಕು. ತರಕಾರಿಯವನೂ ತೊಳೆಯಬೇಕು. ನಾಲಿಗೆ ಹರಿತ. ಅದರಿಂದಾಗಿ ಬೀದಿಯ ಅರ್ಧ ಜನ ಅವರೊಡನೆ ಮಾತು ಬಿಟ್ಟಿದ್ದರು. ಆದರೆ ಜ್ವರ ಬಂದ ದಿನ ಆ ಅರ್ಧವೂ ಬಂದು ಗೇಟಿನ ಹತ್ತಿರ ಇಂಜೆಕ್ಷನ್ನಿಗೆ ತೋಳು ಚಾಚಿ ನಿಲ್ಲುತ್ತಿತ್ತು.

ನನ್ನ ಕಥೆಯೂ ಸ್ವಲ್ಪ ಹೇಳಬೇಕು. ನಮ್ಮವ್ವ ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ತಲಕಾಡಿನ ಕಡೆಯ ಬಸ್ಸುಗಳಿಗೆ ಬಾಳೆಹಣ್ಣು ಮಾರುತ್ತಿದ್ದಳು. ಕಿಟಕಿಯಲ್ಲಿ ಕಾಣುವ ಮುಖ ನೋಡಿಯೇ ಎಷ್ಟು ಹೇಳಬೇಕು, ಎಷ್ಟಕ್ಕೆ ಇಳಿಯಬೇಕು ಅಂತ ಲೆಕ್ಕ ಹಾಕುವುದನ್ನು ನಾನು ಅಕ್ಷರಕ್ಕಿಂತ ಮೊದಲು ಕಲಿತೆ. ನರ್ಸಿಂಗ್ ಓದು ಮುಗಿಸಿ ಬಂದಾಗ ನರಸೀಪುರದ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ ಸಿಕ್ಕಿತು. ಹೆಸರಿಗೆ ನರ್ಸು, ಮಾಡುತ್ತಿದ್ದುದು ಕೌಂಟರಿನಲ್ಲಿ ಟೋಕನ್ ಹರಿಯುವುದು. ಮೈಸೂರಿನ ಆಸ್ಪತ್ರೆಗಳಿಗೆ ಅರ್ಜಿ ಹಾಕಿದೆ, ಒಂದರಿಂದಲೂ ಕರೆ ಬರಲಿಲ್ಲ. ಅಷ್ಟರಲ್ಲಿ ನಮ್ಮ ಡಾಕ್ಟರು, "ಕೌಂಟರ್ ಪೂರ್ತಿ ನಿನಗೇ ಬಿಡ್ತೀನಮ್ಮ, ಸೋಮವಾರ ಹೇಳು" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು.

"ನೆಳ್ಳಲ್ಲಿ ಕೂತ್ಕಂಡ್ ಮಾಡೋ ಕೆಲ್ಸ ಕನ ಮಗ, ಮೇಲೆ ಫ್ಯಾನು. ಇನ್ನೇನ್ ಬೇಕು?" ಅಂದಳು ಅವ್ವ. ಬಿಸಿಲಲ್ಲಿ ಬಸ್ಸಿನ ಹಿಂದೆ ಓಡಿದವಳಿಗೆ ಹಾಗೆ ಅನ್ನಿಸದೆ ಇನ್ನು ಹೇಗೆ? ನನಗೆ ಮಾತ್ರ ಗೊತ್ತಿತ್ತು: ಆ ಕುರ್ಚಿಯಲ್ಲಿ ಕೂತರೆ ಕೈ ಕಲಿತದ್ದನ್ನೆಲ್ಲ ಮರೆಯುತ್ತದೆ, ಮತ್ತೆ ಯಾವ ವಾರ್ಡಿನವರೂ ನನ್ನನ್ನು ಒಳಕ್ಕೆ ಕರೆಯುವುದಿಲ್ಲ. ಮೈಸೂರಿನ ಒಂದು ದೊಡ್ಡ ಆಸ್ಪತ್ರೆ ಹೊಸ ನರ್ಸುಗಳನ್ನು ತೆಗೆದುಕೊಳ್ಳುತ್ತಿತ್ತು. ಅರ್ಜಿಗೆ ಶನಿವಾರ ಕೊನೆ. ನಾನು ರೆಸ್ಯೂಮ್ ಹಿಡಿದು ನಂಜನಗೂಡಿನ ಬಸ್ಸು ಹತ್ತಿದೆ.

ದೊಡ್ಡ ಸಿಸ್ಟರ್ ಕನ್ನಡಕ ಒರೆಸಿಕೊಂಡು ಓದಿದರು. ತಂದೆ ಹೆಸರು, ಎತ್ತರ, ತೂಕ, ಮಾತೃಭಾಷೆ. ಒಂದು ಕಡೆ ನಿಂತರು.

"ಮೈಬಣ್ಣ ಗೋಧಿ ಬಣ್ಣ ಅಂತ ಹಾಕಿದ್ದೀಯಲ್ಲ ಕಣಮ್ಮ. ಪೇಷೆಂಟು ನಿನ್ನ ಚಪಾತಿ ಮಾಡ್ಕೊಂಡು ತಿಂತಾನಾ?"

ನಾನು ನೋಡಿಯೇ ಇರಲಿಲ್ಲ. ನಮ್ಮೂರ ಜೆರಾಕ್ಸ್ ಅಂಗಡಿಯವನು ಮದುವೆಯ ಬಯೋಡೇಟಾ ಮಾಡುವ ಫೈಲಿನಲ್ಲೇ ನನ್ನ ಹೆಸರು ಕೂರಿಸಿ ಪ್ರಿಂಟು ತೆಗೆದಿದ್ದ. ಅಷ್ಟು ಆಸ್ಪತ್ರೆಗಳಿಗೆ ನಾನು ವಧುವಾಗಿ ಅರ್ಜಿ ಹಾಕಿದ್ದೆ.

"ಹವ್ಯಾಸ, ಹಾಡು ಕೇಳೋದು" ಅಂತ ಮುಂದಕ್ಕೆ ಓದಿದರು. "ಐಸಿಯುನಲ್ಲಿ ಮಾನಿಟರ್ ಬಡ್ಕೊಳ್ವಾಗ ಯಾವ್ ಹಾಡ್ ಕೇಳ್ತೀ? ಕೌನ್ಸಿಲ್ ರಿಜಿಸ್ಟ್ರೇಷನ್ ನಂಬರ್ ಎಲ್ಲಿ? ಓ, ಇಲ್ಲಿ, ಕೊನೇಲಿ ಹೂತಾಕಿದ್ದೀ. ನೀನು ನರ್ಸು ಅನ್ನೋಕೆ ಇರೋದು ಅದೊಂದೇ ಸಾಕ್ಷಿ. ಅದನ್ನ ಹೆಸರಿನ ಪಕ್ಕದಲ್ಲಿ ನಿಲ್ಸು."

ಬರೆಸಿಕೊಡುತ್ತೀರಾ ಎಂದು ಕೇಳಿದೆ. "ಒಂದ್ ಚಿಪ್ಪು ರಸಬಾಳೆ. ನಿಜವಾದ್ದು. ಏಲಕ್ಕಿ ತಂದು ನಾಮ ಹಾಕ್ಬೇಡ" ಅಂದರು. ನಂಜನಗೂಡಿನಲ್ಲೇ ನಿಜವಾದ ರಸಬಾಳೆ ಹುಡುಕಿ ತರಬೇಕಾದ ಕಾಲ ಇದು; ಸೊರಗು ರೋಗ ತೋಟಗಳನ್ನು ತಿಂದುಹಾಕಿದೆ. ರಕ್ತ ಸುಮ್ಮನಿರಬೇಕಲ್ಲ, ನಾನು ಚೌಕಾಸಿಗೆ ಇಳಿದೆ.

"ಅರ್ಧ ಚಿಪ್ಪು ಈಗ, ಅರ್ಧ ಕೆಲಸ ಸಿಕ್ಕಿದ ಮೇಲೆ, ಸಿಸ್ಟರ್."

"ಸರಿ. ಅರ್ಧ ರೆಸ್ಯೂಮ್ ಈಗ್ ಬರಿಯೋಣ. ಯಾವ್ ಅರ್ಧ ಬೇಕು, ಹೆಸರಿರೋದಾ, ಫೋನ್ ನಂಬರ್ ಇರೋದಾ?"

ಸೋತೆ. ದಮ್ಮಡಿ ಕೇಳದೆ ಹೇಳಬಹುದಿತ್ತಲ್ಲ ಅಂತ ಗೊಣಗಿದ್ದಕ್ಕೆ, "ಪುಕ್ಕಟೆ ಔಷಧಿನ ಯಾರೂ ಪೂರ್ತಿ ಕುಡಿಯಲ್ಲ ಕಣೇ. ನಲವತ್ತು ಬೆಡ್ಡಿನ ವಾರ್ಡಲ್ಲಿ ಕಂಡಿದ್ದೀನಿ" ಅಂದರು. ಅಂಗಡಿ ಅಂಗಡಿ ಅಲೆದು ಹಣ್ಣು ತಂದೆ.

ಆಮೇಲೆ ಕೆಲಸ ಶುರು. ಕಾಗದ ಬರೆಯಬೇಕಾದದ್ದು ಇಂಗ್ಲಿಷಿನಲ್ಲಿ. ಆದರೆ ಅವರು ಮೊದಲು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿಸುತ್ತಿದ್ದರು. "ಇಂಗ್ಲಿಷಲ್ಲಿ ಸುಳ್ಳು ಸಲೀಸಾಗಿ ಕೂತ್ಕೊತದೆ. ಕನ್ನಡದಲ್ಲಿ ನಾಲಿಗೆ ತಡವರಿಸ್ತದೆ."

"ಟ್ರೇನಿಂಗಲ್ಲಿ ಏನ್ ಮಾಡ್ದೆ?"

"ಹೆಂಗಸರ ವಾರ್ಡಲ್ಲಿ ಪೇಷೆಂಟ್ ನೋಡ್ಕೊಂಡೆ ಸಿಸ್ಟರ್."

"ನೋಡ್ಕೊಂಡೆ ಅಂದ್ರೆ? ಹಾಲು ಉಕ್ಕದಂಗೆ ನೋಡ್ಕೊತಾರೆ, ಹಸು ಹಗ್ಗ ಬಿಚ್ಕೊಳ್ದಂಗೆ ನೋಡ್ಕೊತಾರೆ. ಬಾಗ್ಲಲ್ಲಿ ನಿಂತ್ಕೊಂಡೂ ನೋಡ್ಕೋಬಹುದು. ಕೈ ಏನ್ ಮಾಡ್ತು, ಅದನ್ನೇಳು."

ಅವರ ಮನೆಯಲ್ಲಿ ಆ ಒಂದು ಮಾತಿಗೆ ಬಹಿಷ್ಕಾರ. ನಾನು ಮತ್ತೆ ಮತ್ತೆ "ನೋಡ್ಕೊಂಡೆ" ಅಂತ ಜಾರುತ್ತಿದ್ದೆ, ಅವರು ಮತ್ತೆ ಮತ್ತೆ "ಕೈ" ಅನ್ನುತ್ತಿದ್ದರು. ಕೊನೆಗೆ ತಲಕಾಡಿನ ಒಬ್ಬ ಅಜ್ಜಿ ನೆನಪಾದಳು. ಕಾಲು ಊದಿ ಮಲಗಿದ್ದವಳು ಬೆಳಗಿನಿಂದ ಬೆಡ್‌ಪ್ಯಾನ್ ಬೇಡ ಅನ್ನುತ್ತಿದ್ದಳು. ಎಲ್ಲರೂ ಹಟ ಅಂದುಕೊಂಡರು. ಆ ದಿನ ಪರದೆಯನ್ನು ಒಗೆಯಲು ಒಯ್ದಿದ್ದರು; ಎದುರು ಬೆಡ್ಡಿನವಳನ್ನು ನೋಡಲು ಬಂದ ಗಂಡಸರು ಕಾಣುತ್ತಿದ್ದರು. ನಾನು ಅವಳ ಗಂಟಿನಿಂದಲೇ ಒಂದು ಸೀರೆ ಎಳೆದು, ಒಂದು ತುದಿಯನ್ನು ಡ್ರಿಪ್ ಸ್ಟ್ಯಾಂಡಿಗೆ, ಇನ್ನೊಂದನ್ನು ಕಿಟಕಿಯ ಸರಳಿಗೆ ಕಟ್ಟಿದೆ. ಅಜ್ಜಿ ತಾನೇ ಬೆಡ್‌ಪ್ಯಾನ್ ಕೇಳಿದಳು.

ದೊಡ್ಡ ಸಿಸ್ಟರ್ ಹಣ್ಣು ತಿನ್ನುವುದನ್ನು ನಿಲ್ಲಿಸಿದರು. "ಇದನ್ನ ಇಷ್ಟೊತ್ತು ಎಲ್ಲಿ ಬಚ್ಚಿಟ್ಟಿದ್ದೆ?"

"ಸೀರೆ ಕಟ್ಟಿದ್ದನ್ನೆಲ್ಲ ರೆಸ್ಯೂಮಲ್ಲಿ ಬರೀತಾರಾ ಸಿಸ್ಟರ್?"

"ರೆಸ್ಯೂಮಲ್ಲಲ್ಲ, ಕವರ್ ಲೆಟರಲ್ಲಿ. ರೆಸ್ಯೂಮ್ ಅಂದ್ರೆ ಕೇಸ್ ಶೀಟು. ಯಾವ್ ವಾರ್ಡು, ಎಷ್ಟ್ ತಿಂಗ್ಳು, ಏನೇನ್ ಕೆಲ್ಸ, ಒಂದೇ ಹಾಳೆ. ಕವರ್ ಲೆಟರ್ ಅಂದ್ರೆ ಹ್ಯಾಂಡೋವರು. ಡ್ಯೂಟಿ ಮುಗಿಸಿ ಹೋಗೋವಾಗ ಬರೋ ಸಿಸ್ಟರಿಗೆ ಕೇಸ್ ಶೀಟ್ ಓದಿ ಹೇಳ್ತೀಯಾ? ಅವಳಿಗೆ ಬೇಕಾದ್ದಷ್ಟೇ ನಿಂತ್ಕೊಂಡೇ ಹೇಳ್ತೀ. ಅಂಗೇ ಬರಿ."

ಒಂದು ಕಡೆ ಮಾತ್ರ ನಾನು ನಮ್ಮವ್ವನ ಮಗಳಾದೆ. ವೆಂಟಿಲೇಟರ್ ಅನುಭವ ಇದೆ ಎಂದು ಸೇರಿಸೋಣ ಅಂದೆ. ರೇಟು ಸ್ವಲ್ಪ ಏರಿಸಿ ಹೇಳಿದರೆ ತಾನೇ ಇಳಿಸಲು ಜಾಗ ಇರುವುದು.

"ಬಾಳೆಹಣ್ಣಿನ ರೇಟು ಇಳಿಸ್ಬಹುದು. ಉಸಿರು ಎಳೀತಿರೋನ ಮುಂದೆ ನಿಲ್ಸಿದ್ರೆ ಏನನ್ನ ಇಳಿಸ್ತೀಯ?" ಅಂದರು, ದನಿ ಏರಿಸದೆ. ಆಮೇಲೆ ಬರೆಸಿದರು: ವೆಂಟಿಲೇಟರನ್ನು ಹತ್ತಿರದಿಂದ ನೋಡಿದ್ದೇನೆ, ನಡೆಸಿಲ್ಲ, ಕಲಿಯಬೇಕು. "ಸಂಬಳ ಕೇಳೋವಾಗ ನಿಮ್ಮವ್ವನ್ನ ನೆನೆಸ್ಕೋ. ಅಲ್ಲೀಗಂಟ ಬಾಯಿ ಮುಚ್ಕೊಂಡಿರು."

ಶುಕ್ರವಾರ ಸಂಜೆಗೆ ಅರ್ಜಿ ಹೋಯಿತು. ಸೋಮವಾರ ಬೆಳಿಗ್ಗೆಯೇ ಮೈಸೂರಿನಿಂದ ಫೋನು ಬಂತು, ಬುಧವಾರ ಇಂಟರ್ವ್ಯೂ ಅಂತ. ಆ ದಿನ ನಾನು ಡಾಕ್ಟರಿಗೆ ಹೌದು ಅನ್ನಲಿಲ್ಲ. ಎರಡು ದಿನ ಬಿಟ್ಟು ಹೇಳುತ್ತೇನೆ ಅಂದೆ. ಅವ್ವ ಆ ಎರಡು ದಿನ ನನ್ನ ಊಟದ ತಟ್ಟೆಯನ್ನು ಕುಕ್ಕಿಯೇ ಇಟ್ಟಳು.

ಇಂಟರ್ವ್ಯೂನಲ್ಲಿ ಆ ಆಸ್ಪತ್ರೆಯ ಮೇಟ್ರನ್ ನನ್ನ ಕವರ್ ಲೆಟರ್ ಮುಂದಿಟ್ಟುಕೊಂಡು ಒಂದೇ ಸಮನೆ ಕೇಳಿದರು. ಸೀರೆಯನ್ನು ಎಲ್ಲಿಗೆ ಕಟ್ಟಿದ್ರಿ? ಡ್ರಿಪ್ ಸ್ಟ್ಯಾಂಡ್ ಉರುಳಲಿಲ್ವಾ? ಕೆಳಗೆ ನೀರಿನ ಕ್ಯಾನು ಒತ್ತು ಕೊಟ್ಟಿದ್ದೆ ಮೇಡಂ, ಅಂದೆ. ಅವರು ನಕ್ಕರು. ಆಮೇಲೆ ವೆಂಟಿಲೇಟರ್ ಸಾಲಿನ ಮೇಲೆ ಬೆರಳಿಟ್ಟರು. "ಇವತ್ತು ಬಂದವರೆಲ್ಲ ಇದು ಬರುತ್ತೆ ಅಂದ್ರು. ಬರಲ್ಲ ಅಂತ ಬರೆದಿರೋರು ನೀವೊಬ್ರೇ. ನಿಮಗೆ ಕಲಿಸಬಹುದು." ಕೈ ಮಾಡಿದ್ದನ್ನಷ್ಟೇ ಬರೆದಿದ್ದರಿಂದ ಯಾವ ಪ್ರಶ್ನೆಗೂ ನಾನು ಉತ್ತರ ಹುಡುಕಬೇಕಾಗಲಿಲ್ಲ. ಸಂಬಳದ ಮಾತು ಬಂದಾಗ ಅವ್ವನನ್ನು ನೆನೆದೆ. ಅದೂ ನಡೆಯಿತು.

ಹೋದ ವರ್ಷ ದೊಡ್ಡ ಸಿಸ್ಟರ್ ಅವರ ಹೃದಯ ಸೋತಿತು. ಆಸ್ಪತ್ರೆ ಸಾಕು, ಮನೆಗೆ ಕರೆದುಕೊಂಡು ಹೋಗು ಅಂತ ನನಗೆ ಅಂದರು. ನಾನು ಈಗ ಅದೇ ಮೈಸೂರಿನ ಆಸ್ಪತ್ರೆಯಲ್ಲಿ ವಾರ್ಡ್ ಇನ್‌ಚಾರ್ಜ್. ರಜೆ ಹಾಕಿ ಅವರನ್ನು ನಂಜನಗೂಡಿಗೆ ಕರೆದುಕೊಂಡು ಹೋದೆ. ಮಲಗಿದಲ್ಲಿಂದಲೂ ಅಧಿಕಾರ ಬಿಡಲಿಲ್ಲ. ಮಗ್ಗುಲು ತಿರುಗಿಸಿ ನಾನು ನೆಟ್ಟಗೆ ನಿಂತ ತಕ್ಷಣ, "ಏನ್ ಮಾಡ್ದೆ?" ಎಂದು ಕೇಳುವರು. "ಎಡಕ್ಕೆ ತಿರುಗಿಸ್ದೆ ಸಿಸ್ಟರ್, ಬೆನ್ನು ಒರೆಸ್ದೆ, ಮಂಡಿ ನಡುವೆ ದಿಂಬು ಇಟ್ಟೆ" ಎಂದು ಒಪ್ಪಿಸಬೇಕು. ಆಗ ಕಣ್ಣು ಮುಚ್ಚುವರು.

ಒಂದು ಮಧ್ಯಾಹ್ನ, ಡ್ಯೂಟಿ ಬದಲಾಗುವ ಹೊತ್ತಿನಲ್ಲಿ, ತಿರುಗಿಸಿ ನಿಂತೆ. ಅವರು ಕೇಳಲಿಲ್ಲ. ನಾನು ಕಾದೆ. ಆಮೇಲೆ ಕೇಳದಿದ್ದರೂ ಎಲ್ಲವನ್ನೂ ಒಪ್ಪಿಸಿದೆ. ಸ್ವಲ್ಪ ಹೊತ್ತಿಗೆ ಉಸಿರು ನಿಂತಿತು. ಅವರಂತೆಯೇ ನಾನೂ ಹೆಗಲಿಗೆ ಪಿನ್ನು ಹಾಕಿಕೊಂಡಿದ್ದ ಗಡಿಯಾರ ನೋಡಿ ಹೊತ್ತು ಬರೆದುಕೊಂಡೆ.

ಬದನವಾಳಿನಿಂದ ಅವರ ತಂಗಿ ಬಂದು ತಲೆದೆಸೆಯಲ್ಲಿ ಕೂತು ಕೇಳಿದರು: "ನಮ್ಮಕ್ಕನ್ನ ಚೆನ್ನಾಗ್ ನೋಡ್ಕಂಡ್ಯಾ ಕನವ್ವ?"

ಹೌದು ಅಂದುಬಿಡಬಹುದಿತ್ತು. "ತುಟಿ ಒಣಗದಂಗೆ ಹತ್ತಿ ಅದ್ದಿ ಒರೆಸ್ದೆ ಅಮ್ಮ" ಅಂದೆ. "ಬೆಳಿಗ್ಗೆ ತಲೆ ಬಾಚಿ ಜಡೆ ಹಾಕ್ದೆ. ಬೆನ್ನಲ್ಲಿ ಒಂದು ಹುಣ್ಣೂ ಆಗಿಲ್ಲ, ಮುಟ್ಟಿ ನೋಡಿ." ತಂಗಿ ಅಕ್ಕನ ಬೆನ್ನ ಕೆಳಗೆ ಕೈ ಹಾಕಿ ಮುಟ್ಟಿ ನೋಡಿ, ಆಮೇಲೆ ಅತ್ತರು.

ಹೊಸದಾಗಿ ಓದು ಮುಗಿಸಿದವರಿಗೆ ನಾನು ಹೇಳುವುದಿಷ್ಟು. ಪ್ರಿಂಟಾದ ಹಾಳೆಯನ್ನು ಅಂಗಡಿಯಲ್ಲೇ ನಿಂತು ಓದಿ, ಮೈಬಣ್ಣ ಸಿಕ್ಕಿದರೆ ಅಳಿಸಿಸಿ. ರಿಜಿಸ್ಟ್ರೇಷನ್ ನಂಬರನ್ನು ಹೆಸರಿನ ಪಕ್ಕಕ್ಕೆ ತನ್ನಿ. ಬಾರದ್ದನ್ನು ಬಾರದು ಎಂದೇ ಬರೆಯಿರಿ. ಎಲ್ಲ ಮುಗಿದ ಮೇಲೆ "ನೋಡಿಕೊಂಡೆ" ಎಂಬ ಮಾತು ಯಾವ ಭಾಷೆಯಲ್ಲಿ ಎಲ್ಲಿ ಅಡಗಿದೆ ಹುಡುಕಿ, ಹೊಡೆದುಹಾಕಿ, ಆ ಜಾಗದಲ್ಲಿ ನಿಮ್ಮ ಕೈ ಮಾಡಿದ್ದನ್ನು ಬರೆಯಿರಿ. ಏನೂ ನೆನಪಾಗದಿದ್ದರೆ ನನ್ನ ಹತ್ತಿರ ಬನ್ನಿ, ಹೇಳಿಸುತ್ತೇನೆ. ಕೈ ತೊಳೆದು ಕೂತುಕೊಳ್ಳಿ. ನನ್ನ ರೇಟು ಒಂದು ಚಿಪ್ಪು ರಸಬಾಳೆ, ನಿಜವಾದ್ದು. ಬೇರೆ ಯಾವುದರಲ್ಲಿ ಬೇಕಾದರೂ ಚೌಕಾಸಿ ಮಾಡಿ, ಇದರಲ್ಲಿ ಬೇಡ.