ಸಿಂಧಘಟ್ಟದ ಕೆರೆಗೆ ಗಂಟೆ ಎರೆದದ್ದು

ಅದು ಆನಂದ ಸಂವತ್ಸರದ ವೈಶಾಖ. ಶ್ರೀರಂಗಪಟ್ಟಣದ ಸುತ್ತ ನಡೆದ ಯುದ್ಧ ನಿಂತು ಎರಡು ವರ್ಷವಾಗಿತ್ತು. ಆಗ ನಾನು ನಾಗಮಂಗಲದಲ್ಲಿ ನನ್ನ ಸೋದರಮಾವನ ಬಳಿ ಕಂಚುಗಾರನಾಗಿದ್ದೆ. ಮಾವನ ಕಣ್ಣು ಮಂಜಾಗಿ, ದೊಡ್ಡ ಎರಕಗಳ ಹೊಣೆ ನನ್ನ ಕೈಗೆ ಬಂದ ಮೊದಲ ವರ್ಷವದು. ಆಮೇಲೆ ನಾನು ಎರೆದ ಗಂಟೆಗಳು ಮೇಲುಕೋಟೆಯಿಂದ ಹಿರೋಡೆಯವರೆಗೆ ಎಷ್ಟೋ ಊರುಗಳಲ್ಲಿ ತೂಗುತ್ತಿವೆ. ಆದರೂ ನಿನ್ನ ಕೆಲಸಗಳಲ್ಲಿ ದೊಡ್ಡದು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಸಿಂಧಘಟ್ಟದ ಕೆರೆಗಂಟೆಯನ್ನೇ ಹೇಳುತ್ತೇನೆ. ಇದನ್ನು ಜಂಬ ಎನ್ನುವವರು ಎನ್ನಲಿ. ಜಂಬಪಡುವುದಕ್ಕೆ ನನ್ನಲ್ಲಿ ಕಾರಣವಿದೆ.

ಮೊದಲು ನಾನು ಈ ಕಸುಬಿಗೆ ಬಂದ ಬಗೆ ಹೇಳಬೇಕು. ನಮ್ಮಪ್ಪ ಶ್ರೀರಂಗಪಟ್ಟಣದ ಪೇಟೆಯಲ್ಲಿ ಅಕ್ಕಸಾಲಿ. ಅಜ್ಜನೂ ಅಕ್ಕಸಾಲಿ. ನಾನೂ ಅದೇ ಆಗುತ್ತೇನೆಂದು ಎಲ್ಲರೂ ತಿಳಿದಿದ್ದರು, ನನ್ನ ಬೆರಳುಗಳನ್ನು ಬಿಟ್ಟು. ಅವು ಬಾಳೆಕಾಯಿಯಂತೆ ದಪ್ಪ. ನಾನು ಎಳೆದ ಚಿನ್ನದ ತಂತಿ ತುಂಡಾಗುತ್ತಿತ್ತು, ನಾನು ಕೂರಿಸಿದ ಹರಳು ಗಿರಾಕಿ ಬೀದಿ ದಾಟುವುದರೊಳಗೆ ಉದುರುತ್ತಿತ್ತು. ಅಪ್ಪ ಬೈಯುವುದನ್ನೂ ಬಿಟ್ಟಿದ್ದ. ಅದು ಬೈಗುಳಕ್ಕಿಂತ ಕಷ್ಟ. ಹೀಗಿರುವಾಗ ಒಂದು ದಿನ ಮಾವ ನಾಗಮಂಗಲದಿಂದ ಊಟದ ಕಂಚಿನ ತಣಿಗೆಗಳ ಹೊರೆ ಹೊತ್ತು ಬಂದು ಜಗುಲಿಯ ಮೇಲೆ ಒಂದೊಂದಾಗಿ ಇಳಿಸುತ್ತಿದ್ದ. ಒಳಗೆ ಕೂತಿದ್ದ ನಾನು ಸದ್ದು ಕೇಳಿಯೇ, ಅದರಲ್ಲಿ ಒಂದು ಸೀಳಿದೆ ಎಂದು ಕೂಗಿದೆ. ಮಾವ ನಕ್ಕ. ಆಮೇಲೆ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದ. ಒಂದರ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕಿತ್ತು.

"ಭಾವ, ಇವನ ಕೈ ನಿಮಗೆ ಬ್ಯಾಡ. ಇವನ ಕಿವಿ ನನಗೆ ಕೊಡಿ" ಎಂದು ಮಾವ ಅಪ್ಪನನ್ನು ಕೇಳಿದ.

ಚಿನ್ನ ಬಿಟ್ಟು ಕಂಚಿಗೆ ಹೋಗುವುದು ನಮ್ಮವರಲ್ಲಿ ಮೆಟ್ಟಿಲು ಇಳಿದ ಹಾಗೆ. ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನನಗೆ ಮಾತ್ರ ಮಾವನ ಹಿಂದೆ ಪಟ್ಟಣದ ಕೋಟೆ ದಾಟುವಾಗ ಎದೆ ಹಗುರವಾಗಿತ್ತು. ನನ್ನಿಂದ ಏನೋ ಒಂದು ಆಗುತ್ತದೆ ಎಂದು ಒಬ್ಬರಾದರೂ ಹೇಳಿದ್ದರಲ್ಲ.

ಕಂಚುಗಾರನ ಕೆಲಸವೆಂದರೆ ಬೆಂಕಿಯ ಮುಂದೆ ಕೂರುವುದು ಎಂದು ಜನ ತಿಳಿದಿದ್ದಾರೆ. ನಿಜಕ್ಕೂ ಅರ್ಧ ಆಯುಷ್ಯ ಮಣ್ಣು ಕಲಸುವುದರಲ್ಲೇ ಕಳೆಯುತ್ತದೆ. ಗಂಟೆ ಎರೆಯಬೇಕಾದರೆ ಮೊದಲು ಹುತ್ತದ ಮಣ್ಣಿನಲ್ಲಿ ಒಳತಿರುಳು ಮಾಡಿ, ಅದರ ಮೇಲೆ ಜೇನುಮೇಣವನ್ನು ಗಂಟೆಯ ದಪ್ಪಕ್ಕೆ ಬಳಿದು, ಮೇಣದ ಮೇಲೆ ಮತ್ತೆ ಮಣ್ಣು ಮೆತ್ತಿ ಒಣಗಿಸಬೇಕು. ಆಮೇಲೆ ಸುಟ್ಟರೆ ಮೇಣ ಕರಗಿ ಹರಿದುಹೋಗಿ ನಡುವೆ ಜಾಗ ಉಳಿಯುತ್ತದೆ. ಆ ಜಾಗಕ್ಕೆ ಕಂಚು ಹೊಯ್ಯುವುದು. ಕಂಚು ಎಂದರೆ ತಾಮ್ರ ಮತ್ತು ತವರ. ಗಂಟೆಗೆ ಏಳು ಪಾಲು ತಾಮ್ರಕ್ಕೆ ಎರಡು ಪಾಲು ತವರ. ತವರ ಕಡಿಮೆಯಾದರೆ ಗಂಟೆ ಗೊಣಗುತ್ತದೆ, ಹೆಚ್ಚಾದರೆ ಒಡೆಯುತ್ತದೆ. ಇವೆರಡನ್ನು ಬಿಟ್ಟು ಮೂರನೆಯದು ಸೇರಿದರೆ, ಅದರಲ್ಲೂ ಸೀಸ ಸೇರಿದರೆ, ಗಂಟೆ ಸತ್ತಂತೆಯೇ.

ಅತ್ತಿಕುಪ್ಪೆ ಸೀಮೆಯ ಸಿಂಧಘಟ್ಟದ ಕೆರೆ ಏರಿಯ ಮೇಲೆ ಹಿಂದಿನವರ ಕಾಲದ ಒಂದು ಗಂಟೆಯಿತ್ತು. ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ತೂಬು ಎತ್ತುವ ಮೊದಲು ಅದನ್ನು ಬಾರಿಸುತ್ತಿದ್ದ. ಅದು ಕೇಳಿದವರು ಗುದ್ದಲಿ ಹಿಡಿದು ಗದ್ದೆಗೆ ಬಂದು ತಮ್ಮ ಪಾಲಿನ ನೀರು ತಿರುಗಿಸಿಕೊಳ್ಳುತ್ತಿದ್ದರು. ಕೇಳದವರ ನೀರು ಪಕ್ಕದವರ ಗದ್ದೆಗೆ ಹೋಗುತ್ತಿತ್ತು. ಯುದ್ಧದಲ್ಲಿ ಆ ದಾರಿಯಲ್ಲಿ ಹಾದುಹೋದ ದಂಡೊಂದು ಗಂಟೆಯನ್ನು ಇಳಿಸಿಕೊಂಡು ಹೋಯಿತು. ಎರಡು ವರ್ಷ ಆಳು ಕಳಿಸಿ ಕೂಗಿಸಿದರು. ಕೂಗುವವನಿಗೆ ಅಚ್ಚುಕಟ್ಟಿನ ಕೊನೆಯವರೆಗೆ ಹೋಗುವುದಕ್ಕೆ ಕಾಲು ಬರುತ್ತಿರಲಿಲ್ಲ, ಹಾಗಾಗಿ ಕೊನೆಯ ಗದ್ದೆಯವರ ಭತ್ತ ಎರಡು ವರ್ಷವೂ ಒಣಗಿತ್ತು.

ಊರಿನ ಮುಖ್ಯಸ್ಥ ನಂಜೇಗೌಡರು ನಾಗಮಂಗಲಕ್ಕೆ ಬಂದು, ಮುಂಗಾರು ಹಿಡಿಯುವ ಮೊದಲು ಗಂಟೆ ಬೇಕು ಎಂದರು. ಮಾವ ನನ್ನನ್ನು ತೋರಿಸಿದ. ಗೌಡರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಇವರು ಅಕ್ಕಸಾಲಿ ಮನೆಯವರಲ್ಲವೇ ಎಂದರು. ಆ ಮಾತಿನ ಅರ್ಥ ನನಗೆ ಗೊತ್ತಿತ್ತು. ಅಕ್ಕಸಾಲಿಯ ಕೈಗೆ ಲೋಹ ಕೊಟ್ಟರೆ ಅಷ್ಟೂ ವಾಪಸ್ ಬರುವುದಿಲ್ಲ ಎಂದು ಊರೂರಲ್ಲಿ ಆಡಿಕೊಳ್ಳುತ್ತಾರೆ.

ಸಿಂಧಘಟ್ಟದಲ್ಲಿ ಒಂದು ಕಟ್ಟಳೆ ಇತ್ತು. ಕೆರೆಗಂಟೆಗೆ ಅಚ್ಚುಕಟ್ಟಿನ ಪ್ರತಿ ಮನೆಯೂ ಲೋಹ ಕೊಡಬೇಕು. ನಾನು ಏರಿಯ ಮೇಲೆ ಕೂತು, ತಂದ ಒಂದೊಂದು ಪಾತ್ರೆಯನ್ನೂ ತಂದವರ ಎದುರೇ ಬೆರಳಿಂದ ಮೀಟಿ ಕೇಳಿದೆ. ಚೆನ್ನಾಗಿ ನುಡಿದದ್ದನ್ನು ತೆಗೆದುಕೊಂಡೆ. ಕಬ್ಬಿಣ, ಸೀಸ ತಂದವರಿಗೆ ಇದು ಬೇಡ ಎಂದು ಹಿಂದಿರುಗಿಸಿದೆ. ಅವರು ಅದನ್ನು ಮತ್ತೆ ಬಟ್ಟೆಯಲ್ಲಿ ಕಟ್ಟಿಕೊಂಡು ಹೋದರು. ನನಗದು ಲೋಹದ ಮಾತು. ಅವರಿಗೆ ಅದು ಬೇರೆಯೇ ಮಾತು ಎಂದು ಆಗ ನನಗೆ ತಿಳಿಯಲಿಲ್ಲ.

ಎರಕದ ದಿನ ಏರಿಯ ಕೆಳಗೆ ಗುಂಡಿ ತೋಡಿ ಅಚ್ಚು ಹೂತೆವು. ಲೋಹ ಕರಗಿಸುವ ಮೂಸೆಗಳನ್ನು ಸಾಲಾಗಿಟ್ಟು, ಬೆಂಕಿಗೆ ಗಾಳಿ ಊದುವ ತಿದಿ ಒತ್ತಿಸಿದೆವು. ಕಂಚು ಕರಗಿ ಕೆಂಪೇರಿದ ಹೊತ್ತಿಗೆ ಊರಿನವರೆಲ್ಲ ಸಾಲಾಗಿ ಬಂದು ಮೂಸೆಗೆ ಕೈಮುಗಿದು ಹೂ ಎಸೆದರು. ಇದು ಎಲ್ಲ ಊರುಗಳಲ್ಲೂ ಇರುವ ಪದ್ಧತಿ. ಹೂ ಭುಗ್ಗೆಂದು ಉರಿದು ಬೂದಿಯಾಗುತ್ತದೆ, ಆ ಬೂದಿಯನ್ನು ನಾವು ಸೌಟಿನಿಂದ ತೆಗೆಯುತ್ತೇವೆ. ಅದರಿಂದ ಏನೂ ಕೆಡುವುದಿಲ್ಲ. ಕಂಚು ಹೊಯ್ದೆವು. ತುಂಬಾ ಚೆನ್ನಾಗಿ ಹರಿಯಿತು, ಅಷ್ಟು ಸಲೀಸಾಗಿ ಕಂಚು ಹರಿದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮಣ್ಣು ಒಡೆದು ತೆಗೆದಾಗ ಗಂಟೆ ನೋಡುವುದಕ್ಕೆ ಲಕ್ಷಣವಾಗಿತ್ತು. ಅದನ್ನು ಮರದ ತೊಲೆಗೆ ಕಟ್ಟಿ ಎತ್ತಿದೆವು. ನೀರುಗಂಟಿ ಬಾರಿಸಿದ. ತೊಟ್ಟಿಗೆ ಕೋಲಿನಿಂದ ಬಡಿದ ಹಾಗೆ ಸದ್ದು ಬಂತು. ಇನ್ನೊಮ್ಮೆ ಬಾರಿಸಿದ. ಏರಿಯ ಮೇಲಿದ್ದ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದು ನನ್ನ ಹೆಸರಿನಲ್ಲಿ ಎರೆದ ಮೊದಲ ದೊಡ್ಡ ಗಂಟೆ. ಇದು ಹೀಗೇ ಉಳಿದರೆ ನಾಗಮಂಗಲದ ಕಂಚುಗಾರರ ಪಂಚಾಯ್ತಿ ಇನ್ನೊಮ್ಮೆ ನನ್ನ ಕೈಗೆ ಮೂಸೆ ಕೊಡುತ್ತಿರಲಿಲ್ಲ. ನಾನು ಮತ್ತೆ ಪಟ್ಟಣಕ್ಕೆ ಹೋಗಿ ಅಪ್ಪನ ಎದುರು ಕೂತು ತಂತಿ ಮುರಿಯಬೇಕಿತ್ತು.

"ಆಚಾರಿ, ನಾವು ಕೊಟ್ಟ ಕಂಚು ಹಿಂಗೆ ನುಡೀತಿರಲಿಲ್ಲ. ಆ ಕಂಚು ಎಲ್ಲೋಯ್ತು?" ಎಂದರು ಗೌಡರು.

ನನಗೆ ಸಿಟ್ಟು ನೆತ್ತಿಗೇರಿತು. ಕಳ್ಳ ಎನ್ನುವ ಮಾತನ್ನು ಬಾಯಿಬಿಟ್ಟು ಹೇಳದಿದ್ದರೂ ಊರೆಲ್ಲಕ್ಕೂ ಅದು ಕೇಳಿಸಿತ್ತು. ಮಾವ ನನ್ನ ತೋಳು ಹಿಡಿದು, ಬೇರೆ ಕಂಚು ತಂದು ಸುಮ್ಮನೆ ಇನ್ನೊಂದು ಎರೆದುಕೊಟ್ಟುಬಿಡೋಣ ಎಂದು ಪಿಸುಗುಟ್ಟಿದ. ನಾನು ಒಪ್ಪಲಿಲ್ಲ. ಹಾಗೆ ಮಾಡಿದರೆ ಕದ್ದದ್ದನ್ನು ಒಪ್ಪಿಕೊಂಡಂತೆ. ಊರಿನ ಕಮ್ಮಾರನಿಂದ ದೊಡ್ಡ ಸುತ್ತಿಗೆ ಕೇಳಿ ತೆಗೆದುಕೊಂಡು, ಎಲ್ಲರ ಎದುರಿಗೇ ನನ್ನ ಗಂಟೆಯ ಅಂಚಿಗೆ ನಾನೇ ಹೊಡೆದೆ. ನಾಲ್ಕನೆಯ ಏಟಿಗೆ ಅಂಗೈಯಗಲದ ಚೂರು ಹಾರಿತು.

ಒಳ್ಳೆಯ ಗಂಟೆಯ ಕಂಚು ಮುರಿದ ಜಾಗದಲ್ಲಿ ಒಂದೇ ಬಣ್ಣಕ್ಕಿರುತ್ತದೆ. ಇದರಲ್ಲಿ ಬೂದುಬಣ್ಣದ ಚುಕ್ಕೆಗಳಿದ್ದವು. ಆ ಚೂರನ್ನು ಕೆಂಡದ ಅಂಚಿನಲ್ಲಿಟ್ಟು ಎಲ್ಲರನ್ನೂ ಹತ್ತಿರ ಕರೆದೆ. ಕಂಚು ಕರಗುವುದಕ್ಕೆ ಮೂಸೆಯ ಬೆಂಕಿ ಬೇಕು, ಸೀಸಕ್ಕೆ ಒಲೆಯ ಕೆಂಡ ಸಾಕು. ಸ್ವಲ್ಪ ಹೊತ್ತಿಗೆ ಚೂರಿನ ಮೈಮೇಲೆ ಬೆವರು ಮೂಡಿದ ಹಾಗೆ ಸೀಸದ ಹನಿಗಳು ಎದ್ದವು. ಈಗ ಕಂಚು ಅಷ್ಟು ಸಲೀಸಾಗಿ ಹರಿದದ್ದು ಏಕೆಂದು ನನಗೂ ತಿಳಿಯಿತು.

"ಇದು ನಿಮ್ಮ ಕಂಚೇ. ನಾನು ಹಾಕಿದ್ದು ನೀವು ಕಣ್ಣಾರೆ ನೋಡಿದ್ದೀರಿ. ಈ ಸೀಸ ಯಾರದು?" ಎಂದು ಕೇಳಿದೆ.

ಗುಂಪಿನ ಹಿಂದಿನಿಂದ ಚೌಡಮ್ಮ ಎಂಬ ಮುದುಕಿ ಮುಂದೆ ಬಂದಳು. ಅವಳ ಗಂಡ ಆ ಕೆರೆಯಲ್ಲಿ ಮೀನು ಹಿಡಿಯುತ್ತಿದ್ದವನು, ತೀರಿಹೋಗಿದ್ದ. ಅಚ್ಚುಕಟ್ಟಿನ ಕಟ್ಟಕಡೆಯಲ್ಲಿ ಅವಳಿಗೆ ಚೂರು ಗದ್ದೆಯಿತ್ತು. ನಾನು ಹಿಂದಕ್ಕೆ ಕಳಿಸಿದವರಲ್ಲಿ ಅವಳೂ ಒಬ್ಬಳು.

"ನಂದು ಕಣಪ್ಪ" ಎಂದಳು. "ನನ್ ಗಂಡನ ಬಲೆಗುಂಡು. ಹೂವಿನ್ ಜೊತೆ ಹಾಕ್ಬುಟ್ಟೆ. ಗಂಟೇಲಿ ನಮ್ದು ಇಲ್ದಿದ್ರೆ, ಅದು ಹೊಡ್ಕೊಂಡಾಗ ನಮ್ಮುನ್ನೂ ಕರುದ್ರು ಅಂತ ಎಂಗ್ ಅನ್ಕೊಳ್ಳದು?"

ಅವಳು ಹೇಳಿದ್ದೇ ತಡ, ಒಬ್ಬರ ಹಿಂದೆ ಒಬ್ಬರು ಬಾಯಿಬಿಟ್ಟರು. ಒಬ್ಬ ತೂಕದ ಗುಂಡು ಹಾಕಿದ್ದ, ಇನ್ನೊಬ್ಬಳು ಯುದ್ಧದಲ್ಲಿ ಹೊಲಕ್ಕೆ ಬಿದ್ದಿದ್ದ ಬಂದೂಕಿನ ಗುಂಡುಗಳನ್ನು ಆರಿಸಿ ತಂದು ಹಾಕಿದ್ದಳು. ಹೆಚ್ಚಿನವರು ಕೊನೆಯ ಗದ್ದೆಯವರು. ಗಂಟೆಗೆ ಲೋಹ ಕೊಟ್ಟ ಮನೆಗೆ ನೀರಿನ ಕರೆ ಎಂಬುದು ಆ ಊರಿನ ಲೆಕ್ಕ. ನಾನು ಬೇಡವೆಂದು ಹಿಂದಿರುಗಿಸಿದ ಪ್ರತಿಯೊಂದು ಚೂರೂ ಅವರಿಗೆ ನೀರಿನ ಹಕ್ಕೇ ತಪ್ಪಿದಂತೆ ಕಂಡಿತ್ತು. ಗೌಡರು ಅವರ ಮೇಲೆ ರೇಗುವುದಕ್ಕೆ ಬಾಯಿ ತೆರೆದಾಗ, ಕಲ್ಲಿನ ಮೇಲೆ ಕೂತಿದ್ದ ಅವರ ತಾಯಿ ಕೋಲೂರಿ ಎದ್ದಳು.

"ನಾನೂ ಹಾಕಿವ್ನಿ ಕಣ್ಲಾ. ನೀನು ನಮ್ಮನೆ ಕಂಚು ಕೊಟ್ಟು ಕೈ ತೊಳ್ಕೊಂಡೆ. ನಿನ್ ತಂಗಿ ಗದ್ದೆ ಪಾಲ್ದು ಯಾರ್ ಹಾಕ್ತಾರ್ಲಾ?"

ಗೌಡರ ತಂಗಿ ಗಂಡ ಸತ್ತು ತವರಿಗೆ ಬಂದವಳು. ಅವಳಿಗೆ ಬಿಟ್ಟುಕೊಟ್ಟ ತುಂಡು ಭೂಮಿಯೂ ಕಾಲುವೆಯ ಕೊನೆಗೇ ಇತ್ತು. ಗೌಡರು ತೆರೆದ ಬಾಯಿ ಮುಚ್ಚಿದರು. ಆಮೇಲೆ ನನ್ನ ಕಡೆ ತಿರುಗಿದರು.

"ತಪ್ಪಾಯ್ತು, ಆಚಾರಿ. ಈಗೇನ್ ಮಾಡದು?"

ಇಲ್ಲಿಂದ ಮುಂದಿನದನ್ನು ನಾನು ನಾಚಿಕೆಯಿಲ್ಲದೆ ಹೊಗಳಿಕೊಳ್ಳುತ್ತೇನೆ. ಸೀಸ, ಕಬ್ಬಿಣ ಏನಿದ್ದರೂ ಮತ್ತೆ ತನ್ನಿ, ಈ ಸಲ ಒಂದನ್ನೂ ಹಿಂದಿರುಗಿಸುವುದಿಲ್ಲ ಎಂದೆ. ಗಂಟೆ ಎಂದರೆ ನುಡಿಯುವ ಬಟ್ಟಲು ಒಂದೇ ಅಲ್ಲ. ಅದಕ್ಕೆ ನಾಲಿಗೆ ಬೇಕು, ಅದು ತೂಗುವುದಕ್ಕೆ ಕಲ್ಲುಗಂಬದಲ್ಲಿ ಕಬ್ಬಿಣದ ಕೊಂಡಿ ಬೇಕು, ಕೊಂಡಿ ಅಲುಗಾಡದಂತೆ ಕಲ್ಲಿನ ತೂತಿಗೆ ಸೀಸ ಹೊಯ್ಯಬೇಕು. ಮುರಿದ ಕುಡುಗೋಲು, ಸವೆದ ನೇಗಿಲ ಗುಳ ಎಲ್ಲ ಕಮ್ಮಾರನ ಕುಲುಮೆಗೆ ಹೋಗಿ ಕೊಂಡಿಯೂ ನಾಲಿಗೆಯೂ ಆದವು. ಸೀಸವನ್ನು ತಂದವರ ಎದುರಿಗೇ ಕರಗಿಸಿ ಕಂಬದ ತೂತಿಗೆ ಹೊಯ್ದೆ. ಚೌಡಮ್ಮ ಉಳಿದಿದ್ದ ಬಲೆಗುಂಡುಗಳನ್ನು ತನ್ನ ಕೈಯಾರೆ ಸೌಟಿಗೆ ಹಾಕಿದಳು. ಕೆಟ್ಟ ಗಂಟೆಯನ್ನೂ ಬಿಸಾಡಲಿಲ್ಲ. ಸೀಸ ಬೆರೆತ ಕಂಚು ನುಡಿಯದಿದ್ದರೂ ಉಜ್ಜಾಟಕ್ಕೆ ಜಗ್ಗುವುದಿಲ್ಲ. ಅದನ್ನು ಕರಗಿಸಿ, ತೂಬು ಮುಚ್ಚಿ ತೆರೆಯುವ ಬೆಣೆ ಮೇಲೆ ಕೆಳಗೆ ಆಡುವ ತೂತಿಗೆ ಬಳೆ ಎರೆದು ತೊಡಿಸಿದೆ.

ಹೊಸ ಗಂಟೆಗೆ ತಾಮ್ರ ಬೇಕಿತ್ತು. ಗೌಡರು ತಮ್ಮ ಬಚ್ಚಲುಮನೆಯ ಹಂಡೆ ಕೊಟ್ಟರು. ಅದನ್ನು ನೋಡಿ ಉಳ್ಳವರು ಇನ್ನೂ ನಾಲ್ಕು ಮಂದಿ ಹಂಡೆ, ಕೊಡ ತಂದರು. ತವರ ನನ್ನ ಖರ್ಚಿನಲ್ಲಿ ನಾನೇ ಹಾಕಿದೆ. ಮಾವ ಹುಬ್ಬು ಗಂಟಿಕ್ಕಿದ, ಆದರೆ ಬೇಡವೆನ್ನಲಿಲ್ಲ. ಎರಕದ ದಿನ ಎಲ್ಲರೂ ಮತ್ತೆ ಸಾಲಾಗಿ ಬಂದು ಹೂ ಎಸೆದರು. ಅಂಗೈ ಬಿಚ್ಚಿ ತೋರಿಸಿ ಎಂದು ನಾನು ಕೇಳಲಿಲ್ಲ. ಅವರೇ ಒಬ್ಬೊಬ್ಬರಾಗಿ ಬಿಚ್ಚಿ ತೋರಿಸಿ ನಗುತ್ತಾ ಎಸೆದರು.

ಗಂಟೆಯನ್ನು ಕಂಬಕ್ಕೆ ತೂಗುಹಾಕಿದ ದಿನ ಬೆಳಿಗ್ಗೆ ನೀರುಗಂಟಿ ಬಾರಿಸಿದ. ಆ ನಾದವನ್ನು ಏನೆಂದು ಹೇಳಲಿ? ನಿಂತಿದ್ದ ನೆಲ ಸಣ್ಣಗೆ ನಡುಗಿತು, ನೀರಿನ ಮೇಲಿದ್ದ ಹಕ್ಕಿಗಳು ಒಟ್ಟಿಗೇ ಎದ್ದವು. ಕಣ್ಣು ಸರಿಯಾಗಿ ಕಾಣದ ಮಾವ ನನ್ನ ಹೆಗಲು ಹುಡುಕಿ ಹಿಡಿದುಕೊಂಡ. ನನಗೆ ಅಳು ಬಂತು, ಅತ್ತೆ. ಜನ ಹೋ ಎಂದರು. ಗೌಡರು ಮಾತ್ರ ತಲೆಯಾಡಿಸಿ, ಇಲ್ಲಿ ಕೇಳಿದರೆ ಏನು ಬಂತು, ಕೊನೆಗೆ ಹೋಗಿ ನೋಡೋಣ ಎಂದು ನನ್ನನ್ನು ಕರೆದುಕೊಂಡು ಕಾಲುವೆಯ ದಂಡೆ ಹಿಡಿದು ಹೊರಟರು. ಅರ್ಧ ಹರಿದಾರಿ ನಡೆದೆವು. ಕಾಲುವೆಯಲ್ಲಿ ನೀರಿರಲಿಲ್ಲ, ಬರೀ ನಾದ ನೋಡುವುದಕ್ಕೆ ಬಾರಿಸಿದ್ದು.

ಕಟ್ಟಕಡೆಯ ಗದ್ದೆಯಲ್ಲಿ ಚೌಡಮ್ಮ ಸೀರೆ ಎತ್ತಿಕಟ್ಟಿ, ಗುದ್ದಲಿಯಿಂದ ಬದುವಿನ ಬಾಯಿ ಬಿಡಿಸುತ್ತಿದ್ದಳು. ಪಕ್ಕದ ಗದ್ದೆಯಲ್ಲಿ ಗೌಡರ ತಂಗಿಯೂ ಇದ್ದಳು.

"ನೀರು ಬುಟ್ಟಿಲ್ಲ ಕಣವ್ವ. ಸುಮ್ನೆ ಹೊಡ್ಸಿ ನೋಡಿದ್ದು" ಎಂದರು ಗೌಡರು.

ಚೌಡಮ್ಮ ಸೊಂಟ ನೆಟ್ಟಗೆ ಮಾಡಿಕೊಂಡು ಕೈಯ ಮಣ್ಣು ಒರೆಸಿದಳು. "ಬುಡೋದು ಬುಡ್ದಿರೋದು ನಿಮ್ಗೆ ಸೇರಿದ್ದು, ಗೌಡ. ಕರುದ್ರಲ್ಲ, ಬಂದೆ."

ಗೌಡರು ತಿರುಗಿ, ನಮ್ಮ ಹಿಂದೆ ಬಂದಿದ್ದ ಆಳಿಗೆ, "ಓಡೋಗ್ಲಾ, ತೂಬು ಒಂದಷ್ಟು ಎತ್ತು ಅಂತೇಳು. ಕರೆದು ಬರಿಗೈಲಿ ಕಳ್ಸಕ್ಕಾಯ್ತದಾ?" ಎಂದರು. ನೀರು ಅಲ್ಲಿಗೆ ಬರುವವರೆಗೂ ನಾವು ನಾಲ್ವರೂ ಬದುವಿನ ಮೇಲೆ ಕೂತಿದ್ದೆವು.

ಅಂದಿನಿಂದ ನಾನು ಯಾವ ಗಂಟೆ ಎರೆದರೂ, ಅದನ್ನು ತೂಗುಹಾಕಿದ ದಿನ ಕಂಬದ ಹತ್ತಿರ ನಿಲ್ಲುವುದಿಲ್ಲ. ಹೊಗಳುವವರೆಲ್ಲ ಅಲ್ಲೇ ನಿಂತಿರುತ್ತಾರೆ, ಅವರಿಗೆ ಕೆಟ್ಟ ಗಂಟೆಯೂ ಕೇಳಿಸುತ್ತದೆ. ಮೊದಲೇ ವಿಚಾರಿಸಿಕೊಂಡು, ಆ ಊರಿನಲ್ಲಿ ಎಲ್ಲರಿಗಿಂತ ದೂರ ಇರುವವರ ಮನೆ ಎಲ್ಲಿದೆಯೋ ಅಲ್ಲಿಗೆ ನಡೆದುಹೋಗಿ ಅವರ ಬಾಗಿಲಲ್ಲಿ ಕೂರುತ್ತೇನೆ. ಅವರು ತಲೆ ಎತ್ತಿದರೆ ನನ್ನ ಕೆಲಸ ಮುಗಿಯಿತು.